ಗಂಜಾಂ ಚರ್ಚಿನ ಅಬ್ಬೆ ದ್ಯುಬುವಾ: ಮಕ್ಕಳಿಗೆ ಈ ಪಾದ್ರಿಯ ಬದುಕನ್ನು ಹೇಗೆ ಪರಿಚಯಿಸಬೇಕು?

ಕಾವೇರಿತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಶ್ರೀರಂಗಪಟ್ಟಣದ ಆಸುಪಾಸಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮುಂದಿನ ತಿಂಗಳು ಎಂಟನೆಯ ತರಗತಿಯ ಮಕ್ಕಳಿಗೆ ಕೋಟೆ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ ದೇವಸ್ಥಾನಗಳನ್ನು ತೋರಿಸಿ, ಕೊನೆಗೆ ಗಂಜಾಂನ ಚರ್ಚಿಗೂ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಪ್ರತಿಯೊಂದು ಸ್ಥಳದ ಬಗ್ಗೆಯೂ ಒಂದು ಪುಟದ ಪರಿಚಯ ಬರೆದು ಮಕ್ಕಳ ಕೈಗೆ ಕೊಡುವುದು ನಮ್ಮ ಶಾಲೆಯ ಪದ್ಧತಿ. ಉಳಿದವೆಲ್ಲ ಸಿದ್ಧವಾಗಿವೆ, ಚರ್ಚಿನ ಪುಟ ಮಾತ್ರ ನಿಂತುಹೋಗಿದೆ.

ಕಾರಣವೆಂದರೆ, ಆ ಚರ್ಚನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿ ಝಾನ್ ಆಂತ್ವಾನ್ ದ್ಯುಬುವಾ (ಅಬ್ಬೆ ಎಂದರೆ ಫ್ರೆಂಚಿನಲ್ಲಿ ಪಾದ್ರಿ) ಅವರ ಬಗ್ಗೆ ನನಗೆ ಸಿಕ್ಕ ಬರಹಗಳಲ್ಲಿ ಒಂದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಒಂದು ಬರಹದಲ್ಲಿ ಅವರು ಸಿಡುಬಿನಿಂದ ಜನರನ್ನು ಕಾಪಾಡಿದ ಪುಣ್ಯಾತ್ಮರು. ಮತ್ತೊಂದರಲ್ಲಿ ಬೇರೊಬ್ಬರ ಬರವಣಿಗೆಯನ್ನು ತಮ್ಮದೆಂದು ಮಾರಿಕೊಂಡವರು. ಮೂರನೆಯದರಲ್ಲಿ ಕಂಪನಿ ಸರ್ಕಾರದ ಕೈಗೊಂಬೆ. ಹದಿಮೂರು ವರ್ಷದ ಮಕ್ಕಳ ಮುಂದೆ ಇವುಗಳಲ್ಲಿ ಯಾವುದನ್ನು ಇಡಬೇಕು? ಕೃತಿಚೌರ್ಯದ ವಿಷಯವನ್ನು ಹೇಳಬೇಕೇ, ಬಿಡಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಹಳೇಮೈಸೂರು

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಮೊದಲು ಬದುಕಿನ ಎಳೆಯನ್ನು ನೇರವಾಗಿ ಹಿಡಿಯೋಣ, ತೀರ್ಪು ಆಮೇಲೆ ಕೊಡೋಣ.

ಅವರು ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶಿ ಮಿಶನ್ ಸಂಸ್ಥೆಯ ಪಾದ್ರಿಯಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಪಾಂಡಿಚೇರಿಯ ಮಿಶನ್ನಿಗೆ ಸೇರಿ ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಇಲ್ಲಿಗೆ ಬಂದು ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಗ್ಗೂಡಿಸುವ ಕೆಲಸ ಹಿಡಿದರು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ವೆಲ್ಲೆಸ್ಲಿಯ ಸೂಚನೆಯ ಮೇರೆಗೆ ಅವರನ್ನು ಇಲ್ಲಿಗೆ ಕರೆಸಲಾಯಿತು ಎಂದು ಮುಂದೆ ಅವರ ಪುಸ್ತಕವನ್ನು ಸಂಪಾದಿಸಿದವರು ಬರೆದಿದ್ದಾರೆ. 1800ರ ಸುಮಾರಿಗೆ ಗಂಜಾಂ ಚರ್ಚು ಎದ್ದಿತು. 1823ರ ಜನವರಿಯಲ್ಲಿ ಅವರು ಭಾರತ ಬಿಟ್ಟು ಪ್ಯಾರಿಸ್ಸಿಗೆ ಮರಳಿದರು, ಅಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ಹೊಣೆ ಹೊತ್ತು 1848ರಲ್ಲಿ ತೀರಿಕೊಂಡರು.

ಅಂದರೆ ಮೂವತ್ತು ವರ್ಷ ಇಲ್ಲಿಯೇ ಇದ್ದರು, ನಡುವೆ ಒಮ್ಮೆಯೂ ಊರಿಗೆ ಹೋಗಲಿಲ್ಲ. ನನ್ನ ಮಟ್ಟಿಗೆ ಮಕ್ಕಳಿಗೆ ಹೇಳಬೇಕಾದ ಮೊದಲ ಮಾತು ಇದೇ.

ಸಕ್ಕರೆನಾಡು

ಒಂದು ಸಂದೇಹ. ಬ್ರಿಟಿಷರಿಗೂ ಫ್ರೆಂಚರಿಗೂ ಆಗ ಬದ್ಧವೈರ. ಟಿಪ್ಪು ಫ್ರೆಂಚರ ಸ್ನೇಹ ಬಯಸಿದವನು. ಹೀಗಿರುವಾಗ ಟಿಪ್ಪುವನ್ನು ಸೋಲಿಸಿದ ಕಂಪನಿಯವರು ಒಬ್ಬ ಫ್ರೆಂಚ್ ಪಾದ್ರಿಯನ್ನು ಇಲ್ಲಿ ಏಕೆ ಇರಗೊಟ್ಟರು?

ಸಂಗಮದಾರಿ

ಸಕ್ಕರೆನಾಡು ಅವರೇ, ಇದಕ್ಕೆ ಉತ್ತರ ಫ್ರಾನ್ಸಿನಲ್ಲಿಯೇ ಇದೆ. ದ್ಯುಬುವಾ ಹೊರಟ ಹೊತ್ತಿಗೆ ಫ್ರೆಂಚ್ ಕ್ರಾಂತಿಯ ಸರ್ಕಾರ ಚರ್ಚಿನ ಮೇಲೆ ಮುಗಿಬಿದ್ದಿತ್ತು. ಅವರ ಪ್ಯಾರಿಸ್ಸಿನ ಗುರುಮಠವೂ ಮುಚ್ಚಿತು. 1793ರಲ್ಲಿ ಬ್ರಿಟಿಷರು ಪಾಂಡಿಚೇರಿಯನ್ನು ವಶಪಡಿಸಿಕೊಂಡರು. ಹಿಂದೆ ಹಣ ಕಳುಹಿಸುವವರಿಲ್ಲ, ಹೊಸ ಪಾದ್ರಿಗಳು ಬರುವ ಹಾದಿಯಿಲ್ಲ, ಆಫ್ರಿಕಾದ ತುದಿಯನ್ನು ಬಳಸಿ ಬರುವ ಪತ್ರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ತಾಯ್ನಾಡಿನ ಸರ್ಕಾರವೇ ತನ್ನನ್ನು ಬೇಡವೆಂದಾಗ, ಶತ್ರುದೇಶದ ಅಧಿಕಾರಿಗಳ ಕೃಪೆಯಲ್ಲಿ ಬದುಕುವುದು ಆ ತಲೆಮಾರಿನ ಫ್ರೆಂಚ್ ಪಾದ್ರಿಗಳಿಗೆ ಅನಿವಾರ್ಯವಾಗಿತ್ತು. ಕ್ರಾಂತಿಯನ್ನು ಒಪ್ಪದ ಫ್ರೆಂಚನೊಬ್ಬ ಇಲ್ಲಿದ್ದರೆ ಕಂಪನಿಗೂ ತೊಂದರೆಯಿರಲಿಲ್ಲ.

ಆದ್ದರಿಂದ ಕೈಗೊಂಬೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವಲಂಬನೆ ಇತ್ತು ಎನ್ನುವುದು ಬೇರೆ, ಸೂತ್ರ ಹಿಡಿದು ಆಡಿಸಿದರು ಎನ್ನುವುದು ಬೇರೆ.

ಗ್ರಂಥಪಾಲಕಿ

ಕೃತಿಚೌರ್ಯದ ವಿಷಯವನ್ನು ಬಿಡಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಅದು ಗಾಳಿಮಾತಲ್ಲ.

ಹಿಂದೂಗಳ ನಡೆನುಡಿ, ಆಚಾರ, ವಿಧಿಗಳನ್ನು ಕುರಿತ ಹಸ್ತಪ್ರತಿಯನ್ನು ದ್ಯುಬುವಾ 1806ರಲ್ಲಿ ಮೈಸೂರಿನ ರೆಸಿಡೆಂಟರ (ಆಸ್ಥಾನದಲ್ಲಿದ್ದ ಕಂಪನಿಯ ಪ್ರತಿನಿಧಿಯ) ಹೊಣೆಯಲ್ಲಿದ್ದ ಮಾರ್ಕ್ ವಿಲ್ಕ್ಸ್ ಅವರಿಗೆ ಕೊಟ್ಟರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಕಂಪನಿಯ ಪರವಾಗಿ 2,000 ವರಹ ಕೊಟ್ಟು ಕೊಂಡರು. ಇಲ್ಲಿನ ಜನರ ನಡವಳಿಕೆಯನ್ನು ಅರಿತು ಅಧಿಕಾರಿಗಳು ನಡೆದುಕೊಳ್ಳಲಿ ಎಂಬುದು ಬೆಂಟಿಂಕ್ ಕೊಟ್ಟ ಕಾರಣ. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು, 1825ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಮುದ್ರಣ ಬಂತು, 1897ರಲ್ಲಿ ಬೋಷಾಂ ಅವರ ಹೊಸ ಅನುವಾದಕ್ಕೆ ಮ್ಯಾಕ್ಸ್ ಮುಲ್ಲರ್ ಮುನ್ನುಡಿ ಬರೆದರು. ಒಂದೂವರೆ ಶತಮಾನ ಎಲ್ಲರೂ ಅದನ್ನು ದ್ಯುಬುವಾ ಕಣ್ಣಾರೆ ಕಂಡು ಬರೆದದ್ದೆಂದೇ ನಂಬಿದ್ದರು.

ಆಮೇಲೆ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ 1770ರ ದಶಕದ ಹಸ್ತಪ್ರತಿಯೊಂದನ್ನು ಇದರ ಪಕ್ಕದಲ್ಲಿಟ್ಟು ಓದಿದರು. ಅದು ಯೇಸುಸಭೆಯ (ಜೆಸ್ಯೂಟ್ ಪಂಗಡದ) ಪಾದ್ರಿ ಗ್ಯಾಸ್ತೋಂ ಲೊರಾಂ ಕೂರ್ದೂ ಅವರ ಬರಹವನ್ನು ಆಧರಿಸಿ ದೆವೋ ಎಂಬ ಫ್ರೆಂಚರೊಬ್ಬರು ಸಿದ್ಧಪಡಿಸಿದ ಪ್ರತಿ. ದ್ಯುಬುವಾ ಪುಸ್ತಕದ ಬಹುಭಾಗ ಅಲ್ಲಿಂದಲೇ ಬಂದದ್ದು ಎಂದು ಅವರು 1987ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ತೋರಿಸಿಕೊಟ್ಟರು. ಕೂರ್ದೂ ಸಾಮಾನ್ಯರಲ್ಲ. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸ್ 1786ರಲ್ಲಿ ಹೇಳುವುದಕ್ಕೆ ಎಷ್ಟೋ ಮೊದಲೇ ಪ್ಯಾರಿಸ್ಸಿನ ಪಂಡಿತರಿಗೆ ಬರೆದು ತಿಳಿಸಿದ್ದವರು. ಆಂಧ್ರ ಸೀಮೆಯಲ್ಲಿ, ಪಾಂಡಿಚೇರಿಯಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ದುಡಿದು 1779ರಲ್ಲಿ ಇಲ್ಲಿಯೇ ಸತ್ತರು. ಅವರ ಹೆಸರು ಆ ಪುಸ್ತಕದ ಮೇಲೆ ಇಲ್ಲ.

ಹಳೇಮೈಸೂರು

ಗ್ರಂಥಪಾಲಕಿ ಮೇಡಂ, ನೀವು ಕೊಟ್ಟ ವಿವರದಲ್ಲಿ ತಕರಾರಿಲ್ಲ. ಆದರೆ ಹಿನ್ನೆಲೆಯನ್ನೂ ನೋಡಬೇಕು. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಪಡಿಸಿದರು, 1776ರಲ್ಲಿ ಅವರ ಕರ್ನಾಟಿಕ್ ಮಿಶನ್ ದ್ಯುಬುವಾ ಅವರ ಪ್ಯಾರಿಸ್ ಸಂಸ್ಥೆಯ ಕೈಗೆ ಬಂತು. ಹಳಬರ ಬರಹಗಳು ಮಿಶನ್ ಮನೆಯಲ್ಲಿ ಉಳಿದವು. ಹೊಸದಾಗಿ ಬಂದ ಪಾದ್ರಿಗಳು ಹಿಂದಿನವರ ವ್ಯಾಕರಣ, ನಿಘಂಟು, ಟಿಪ್ಪಣಿಗಳನ್ನು ನಕಲು ಮಾಡಿಕೊಂಡು, ತಮ್ಮದನ್ನೂ ಸೇರಿಸಿಕೊಂಡು ಬಳಸುವುದು ರೂಢಿಯಾಗಿತ್ತು. ನಮ್ಮಲ್ಲಿ ತಾಳೆಗರಿ ಪ್ರತಿ ಮಾಡಿದವರು ನಡುವೆ ತಮ್ಮ ಪದ್ಯ ಸೇರಿಸಿದ್ದನ್ನು ನಾವು ಕಳ್ಳತನ ಎನ್ನುತ್ತೇವೆಯೇ?

ಗ್ರಂಥಪಾಲಕಿ

ಪ್ರತಿ ಮಾಡಿದವರು ಅದನ್ನು ಸರ್ಕಾರಕ್ಕೆ ಮಾರಲಿಲ್ಲ, ಇದೆಲ್ಲ ನಾನೇ ಜನರ ನಡುವೆ ಬಾಳಿ ಸಂಗ್ರಹಿಸಿದ್ದು ಎಂದು ಮುನ್ನುಡಿ ಬರೆಯಲೂ ಇಲ್ಲ. ದ್ಯುಬುವಾ ಎರಡನ್ನೂ ಮಾಡಿದರು. ಮಿಶನ್ ಒಳಗೆ ಬಳಸಿಕೊಂಡಿದ್ದರೆ ನಿಮ್ಮ ಮಾತು ಸರಿಹೋಗುತ್ತಿತ್ತು. ಕಷ್ಟಪಟ್ಟವನ ಹೆಸರನ್ನು ಅಳಿಸುವುದು ಯಾವ ಕಾಲದಲ್ಲಿಯೂ ಅನ್ಯಾಯವೇ. ಅದೂ ಕೂರ್ದೂ ತಮ್ಮ ಸಭೆಯನ್ನೇ ಕಳೆದುಕೊಂಡು, ಹೆಸರು ಹೇಳಿಕೊಳ್ಳುವವರಿಲ್ಲದೆ ಸತ್ತ ಮುದುಕ. ನನಗೆ ಇದು ತೀರಾ ನೋವು ಕೊಡುವ ವಿಷಯ.

ಹಳೇಮೈಸೂರು

ಮಾರಿದ್ದು ನಿಜ, ಮುನ್ನುಡಿಯೂ ನಿಜ. ಆದರೂ ಪುಸ್ತಕವೇ ಆತನ ಇಡೀ ಬದುಕಲ್ಲ ಎಂಬುದು ನನ್ನ ವಾದ. ಆ ಮೂವತ್ತು ವರ್ಷ ಅವರು ಪುಸ್ತಕ ಬರೆಯುತ್ತಾ ಕುಳಿತಿರಲಿಲ್ಲ.

ಹಾಸನಸೀಮೆ

ನಮ್ಮ ಕಡೆಯ ಮಾತನ್ನೂ ಸೇರಿಸುತ್ತೇನೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದವರು ದ್ಯುಬುವಾ. ನಮ್ಮಲ್ಲಿ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರೆಂಬ ಪ್ರತೀತಿ ಇದೆ. ನಾಡು ಯುದ್ಧದಿಂದ ಕಂಗೆಟ್ಟಿದ್ದ ಕಾಲದಲ್ಲಿ ಪೂಜೆ, ಪ್ರಾರ್ಥನೆಗಳಿಗಿಂತ ಮೊದಲು ಒಂದು ತುಂಡು ಹೊಲ, ಒಂದು ಜೊತೆ ಎತ್ತು ಬೇಕಿತ್ತು. ಅದನ್ನು ಅರ್ಥ ಮಾಡಿಕೊಂಡ ಪಾದ್ರಿ ಅವರು. ಮೇಷ್ಟ್ರೇ, ನಿಮ್ಮ ಪುಟದಲ್ಲಿ ಇದು ಬಿಟ್ಟುಹೋಗಬಾರದು.

ಊರೂರುಅಲೆಮಾರಿ

ಹೇಮಾವತಿ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಚರ್ಚು ಕೂಡ ಇವರದ್ದೇ ಅಲ್ಲವೇ? ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಾಗ ನೋಡಬೇಕು. ನಾನು ನೋಡಿದ ಹಲವು ವಿಡಿಯೋಗಳಲ್ಲಿ ಅಬ್ಬೆ ದ್ಯುಬುವಾ ಕಟ್ಟಿಸಿದ್ದು ಎಂದೇ ಹೇಳುತ್ತಾರೆ.

ಹಾಸನಸೀಮೆ

ಇಲ್ಲ ಸರ್. ಶೆಟ್ಟಿಹಳ್ಳಿಯ ಚರ್ಚು 1860ರ ದಶಕದ ಕಟ್ಟಡ. ಕಟ್ಟಿಸಿದವರು ಫ್ರೆಂಚ್ ಮಿಶನರಿಗಳೇ ಹೌದು, ಆದರೆ ಆ ಹೊತ್ತಿಗೆ ದ್ಯುಬುವಾ ತೀರಿಕೊಂಡು ಹತ್ತು ವರ್ಷ ದಾಟಿತ್ತು. ಅವರು ಭಾರತ ಬಿಟ್ಟದ್ದೇ 1823ರಲ್ಲಿ. ಗೊರೂರು ಅಣೆಕಟ್ಟು ಆದ ಮೇಲೆ ಊರಿನವರು ಬೇರೆಡೆಗೆ ಹೋದರು, ಚರ್ಚು ಮಾತ್ರ ನೀರಿನ ಪಾಲಾಯಿತು.

ಡಾಕ್ಟರಮ್ಮ

ಸಿಡುಬಿನ ವಿಷಯ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ಮಕ್ಕಳ ವೈದ್ಯೆ, ದಿನನಿತ್ಯ ಲಸಿಕೆ ಹಾಕುವವಳು.

ಇಂಗ್ಲೆಂಡಿನ ವೈದ್ಯ ಜೆನ್ನರ್ ಸಿಡುಬಿನ ಲಸಿಕೆಯ ಪ್ರಯೋಗ ಮಾಡಿದ್ದು 1796ರಲ್ಲಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ಮೈಯಲ್ಲಿ ಭಾರತದ ಮೊದಲ ಲಸಿಕೆ ಫಲಿಸಿತು. ಆಗ ಶೀಶೆಯಲ್ಲಿ ಇಟ್ಟುಕೊಂಡು ಹೋಗುವ ಲಸಿಕೆ ಇರಲಿಲ್ಲ, ತಂಪುಪೆಟ್ಟಿಗೆಯೂ ಇರಲಿಲ್ಲ. ಮನುಷ್ಯರ ತೋಳೇ ಲಸಿಕೆಯ ಶೀಶೆಯಾಗಿತ್ತು. ಒಂದು ಮಗುವಿನ ತೋಳಿನಲ್ಲಿ ಗೀರು ಹಾಕಿ ದ್ರವ ಸವರಿದರೆ ಏಳೆಂಟು ದಿನಕ್ಕೆ ಅಲ್ಲಿ ಬೊಕ್ಕೆ ಏಳುತ್ತದೆ. ಆ ಬೊಕ್ಕೆಯ ನೀರನ್ನು ಚುಚ್ಚಿ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕು. ಎಂಟನೆಯ ದಿನಕ್ಕೆ ಸರಿಯಾಗಿ ಇನ್ನೊಂದು ಮಗು ಸಿಗದಿದ್ದರೆ ಸರಪಳಿ ಕಡಿಯಿತು, ಎಲ್ಲವನ್ನೂ ದೂರದ ಊರಿನಿಂದ ಮತ್ತೆ ತರಿಸಬೇಕು.

ಈಗ ಮೈಸೂರು ಸೀಮೆಯ ಒಂದು ಹಳ್ಳಿಯನ್ನು ಯೋಚಿಸಿ. ಯಾವುದೋ ಜಾತಿಯ ಮಗುವಿನ ಬೊಕ್ಕೆಯ ಕೀವನ್ನು ನಮ್ಮ ಮಗುವಿಗೆ ಹಾಕುತ್ತೀರಾ ಎಂದು ತಾಯಿ ಕೇಳುತ್ತಾಳೆ. ಸಿಡುಬು ಅಮ್ಮನವರು ಮೈಮೇಲೆ ಬರುವುದು, ಅದಕ್ಕೆ ಅಡ್ಡ ಹೋದರೆ ಮುನಿಸಿಕೊಂಡಾಳು ಎಂಬ ಭಯ ಬೇರೆ. ಕಂಪನಿಯ ಸರ್ಜನ್ ಬೂಟು ಹಾಕಿಕೊಂಡು ಬಂದರೆ ಊರು ಖಾಲಿ. ಇಂಥಲ್ಲಿ ಅವರಂತೆಯೇ ಉಟ್ಟು, ಅವರಂತೆಯೇ ಉಂಡು, ಅವರ ನುಡಿಯಾಡುವ ಒಬ್ಬ ವ್ಯಕ್ತಿ ಬಾಗಿಲಲ್ಲಿ ನಿಂತು ಹೇಳಿದರೆ ಕೇಳುವ ಕಿವಿ ಬೇರೆ. 1803ರಿಂದ ಮುಂದಕ್ಕೆ ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ದಾಕು ಹಾಕಿಸಲು ದ್ಯುಬುವಾ ಓಡಾಡಿದರು. ದಿವಾನ್ ಪೂರ್ಣಯ್ಯನವರ ಕಾಲವದು, ಅರಮನೆಯ ಎಳೆಯ ರಾಣಿ ದೇವಾಜಮ್ಮಣ್ಣಿಯವರಿಗೆ ಲಸಿಕೆ ಹಾಕಿಸಿದ್ದೂ ಅದೇ ದಶಕದಲ್ಲಿ. ಮೇಲಿನಿಂದ ಅರಮನೆ, ಕೆಳಗಿನಿಂದ ಇಂಥ ಓಡಾಟ, ಎರಡೂ ಕೂಡಿದ್ದರಿಂದಲೇ ಇಲ್ಲಿ ಲಸಿಕೆಗೆ ದಾರಿಯಾಯಿತು.

ಗ್ರಂಥಪಾಲಕಿಯವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಬೊಕ್ಕೆಗಳನ್ನು ಯಾರ ಹಸ್ತಪ್ರತಿಯಿಂದಲೂ ನಕಲು ಮಾಡಲಾಗುವುದಿಲ್ಲ.

ಸಕ್ಕರೆನಾಡು

ಮೇಡಂ, ಈ ತೋಳಿನ ಸರಪಳಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಮಕ್ಕಳಿಗೆ ಇದನ್ನು ಖಂಡಿತ ಹೇಳಬೇಕು.

ನೇರನುಡಿ

ಎಲ್ಲರೂ ಹೊಗಳಿಕೆಯ ಕಡೆಗೆ ವಾಲುತ್ತಿರುವುದರಿಂದ ಎದುರು ಮಾತನ್ನು ಹೇಳಲೇಬೇಕಾಗಿದೆ. ಆ ಪುಸ್ತಕವನ್ನು ನಾನು ಪೂರ್ತಿ ಓದಿದ್ದೇನೆ. ನಮ್ಮ ಆಚರಣೆಗಳ ಬಗ್ಗೆ, ದೇವಸ್ಥಾನಗಳ ಬಗ್ಗೆ ಅದರಲ್ಲಿರುವ ತಿರಸ್ಕಾರದ ಮಾತುಗಳನ್ನು ಓದಿದರೆ ಮೈ ಉರಿಯುತ್ತದೆ. ಅದೇ ಸಮಯದಲ್ಲಿ ಜಾತಿಪದ್ಧತಿಯನ್ನು ಮಾತ್ರ ಹಿಂದೂ ಶಾಸನಕರ್ತರ ಅತ್ಯುತ್ತಮ ಸೃಷ್ಟಿ ಎಂಬಂತೆ ಹೊಗಳುತ್ತಾರೆ. ಜಾತಿ ಇಲ್ಲದಿದ್ದರೆ ಈ ಜನ ಕಾಡುಮನುಷ್ಯರಾಗುತ್ತಿದ್ದರು ಎನ್ನುವ ಧಾಟಿ ಅದು. ಅಂದರೆ ಯಾವುದನ್ನು ಮೆಚ್ಚಬಾರದಿತ್ತೋ ಅದನ್ನು ಮೆಚ್ಚಿದರು, ಯಾವುದನ್ನು ಅರಿಯಬೇಕಿತ್ತೋ ಅದನ್ನು ಹೀಯಾಳಿಸಿದರು. ಅಂಥ ಪುಸ್ತಕ ಕಂಪನಿಯ ಅಧಿಕಾರಿಗಳಿಗೆ ಕೈಪಿಡಿಯಾಯಿತು. ಇದರ ಪರಿಣಾಮವನ್ನು ನಾವು ಇಂದಿಗೂ ಹೊರುತ್ತಿದ್ದೇವೆ. ಲಸಿಕೆ ಹಾಕಿದ್ದಕ್ಕೆ ಕೃತಜ್ಞತೆ ಇರಲಿ, ಆದರೆ ಇದನ್ನು ಮುಚ್ಚಿಡುವುದು ಬೇಡ.

ಕುಡ್ಲದಿಂದ

ನೇರನುಡಿಯವರೇ, ನಾನು ಮಂಗಳೂರಿನ ಕಥೊಲಿಕಳು. ನೀವು ಹೇಳಿದ ಎರಡೂ ಮಾತುಗಳನ್ನು ಒಪ್ಪುತ್ತೇನೆ, ವಿಶೇಷವಾಗಿ ಜಾತಿಯ ಮಾತನ್ನು. ನಮ್ಮ ಚರ್ಚುಗಳ ಒಳಗೂ ಜಾತಿ ಬಹುಕಾಲ ಉಳಿದದ್ದಕ್ಕೆ ಇಂಥ ಆಲೋಚನೆಯೂ ಒಂದು ಕಾರಣ.

ಆದರೆ ಒಬ್ಬ ಪರದೇಶಿ ಪಾದ್ರಿಯ ದಿನಗಳು ಹೇಗಿರುತ್ತಿದ್ದವು ಎಂಬುದನ್ನು ಯಾರೂ ಮುಟ್ಟಿಲ್ಲ. 1784ರಲ್ಲಿ ಟಿಪ್ಪು ಕೆನರಾದ (ಕರಾವಳಿಯ) ಕಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವ ಕಥೆ. ಹದಿನೈದು ವರ್ಷ ಪಾದ್ರಿಯಿಲ್ಲ, ಪೂಜೆಯಿಲ್ಲ, ಸತ್ತವರಿಗೆ ಪ್ರಾರ್ಥನೆಯಿಲ್ಲ, ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನವಿಲ್ಲ. ಬಲವಂತಕ್ಕೆ ಧರ್ಮ ಬದಲಿಸಿದವರು, ಬದಲಿಸಿದ ಮೇಲೆ ಹಿಂದಿರುಗಲು ನಾಚಿದವರು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆಯಾದವರು. ಪಟ್ಟಣ ಬಿದ್ದ ಬಳಿಕ ಅನೇಕರು ಕರಾವಳಿಗೆ ಮರಳಿದರು, ಕೆಲವರು ಇಲ್ಲಿಯೇ ಉಳಿದರು. ಇಂಥವರ ನಡುವೆ ಬಂದು ಕುಳಿತು, ಒಬ್ಬೊಬ್ಬರ ಪಾಪನಿವೇದನೆ ಕೇಳಿ, ಮುರಿದ ಮದುವೆಗಳನ್ನು ಸರಿಪಡಿಸುವುದು ತಿಂಗಳೆರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಅಲ್ಲಿ ಉಪದೇಶದ ಅಬ್ಬರವಿಲ್ಲ. ಸುಮ್ಮನೆ ಕೇಳಿಸಿಕೊಳ್ಳಬೇಕು. ಪುಸ್ತಕದಲ್ಲಿ ಬರುವ ದ್ಯುಬುವಾ ನನಗೆ ಇಷ್ಟವಾಗುವುದಿಲ್ಲ, ಗಂಜಾಂನಲ್ಲಿ ಈ ಕೆಲಸಕ್ಕೆ ಕುಳಿತ ದ್ಯುಬುವಾ ಬಗ್ಗೆ ನನಗೆ ಗೌರವವಿದೆ.

ಇನ್ನೊಂದು ಸಂಗತಿ. ವಿಲ್ಕ್ಸ್ ತಮ್ಮ ಪತ್ರದಲ್ಲಿ, ಈ ಪಾದ್ರಿ ಪ್ರಯಾಣದಲ್ಲಿ ಹಳ್ಳಿಗೆ ಬಂದರೆ ಬ್ರಾಹ್ಮಣರ ಮನೆಯೊಂದನ್ನು ಅವರಿಗಾಗಿ ತೆರವು ಮಾಡಿಕೊಡುತ್ತಾರೆ, ಸರ್ಕಾರಿ ಅಧಿಕಾರಿಗಳ ಅಪ್ಪಣೆಯಿಲ್ಲದೆ, ತಾವಾಗಿಯೇ, ಗೌರವದಿಂದ, ಎಂದು ಬರೆದಿದ್ದಾರೆ. ತಿರಸ್ಕಾರ ತುಂಬಿದ ಮನುಷ್ಯನಿಗೆ ಹಳ್ಳಿಯವರು ಹಾಗೆ ಮನೆ ಬಿಟ್ಟುಕೊಡುತ್ತಾರೆಯೇ?

ನೇರನುಡಿ

ಮೇಡಂ, ಹಳ್ಳಿಯವರು ಅತಿಥಿಗೆ ಮನೆ ಬಿಟ್ಟುಕೊಟ್ಟದ್ದು ಹಳ್ಳಿಯವರ ದೊಡ್ಡತನ. ಅದನ್ನು ಅತಿಥಿಯ ಲೆಕ್ಕಕ್ಕೆ ಬರೆಯಬೇಡಿ. ಆ ಔದಾರ್ಯವನ್ನು ಉಂಡು ಆಮೇಲೆ ಅವರ ಬಗ್ಗೆಯೇ ಹಾಗೆ ಬರೆದದ್ದು ನನ್ನ ಆಕ್ಷೇಪ.

ಗ್ರಂಥಪಾಲಕಿ

ಇದನ್ನು ಒಪ್ಪುತ್ತೇನೆ. ಆ ತಿರಸ್ಕಾರದಲ್ಲಿ ಎಷ್ಟು ದ್ಯುಬುವಾ ಅವರದು, ಎಷ್ಟು ಹಿಂದಿನ ತಲೆಮಾರಿನ ಪಾದ್ರಿಗಳದು ಎಂಬುದನ್ನು ಬಿಡಿಸಿ ನೋಡಬೇಕು ಎಂಬುದಷ್ಟೇ ನನ್ನ ಸೇರ್ಪಡೆ.

ಕುಡ್ಲದಿಂದ

ಒಳ್ಳೆಯ ಮಾತು, ತಲೆಬಾಗುತ್ತೇನೆ. ಹಾಗಾದರೆ ಅವರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನು ನೋಡಿ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳ ಸಂಕಲನದಲ್ಲಿ, ಭಾರತದಲ್ಲಿ ಕ್ರೈಸ್ತಧರ್ಮದ ಪ್ರಚಾರ ಸಫಲವಾಗುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಒಬ್ಬ ದೇಶೀಯ ಸಹಾಯಕ ಪಾದ್ರಿಯ ಜೊತೆ ಸೇರಿ ಇಷ್ಟೂ ವರ್ಷದಲ್ಲಿ ತಾವು ಮತಾಂತರಿಸಿದ್ದು ಇನ್ನೂರರಿಂದ ಮುನ್ನೂರು ಜನರನ್ನು ಮಾತ್ರ, ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಹೊಲೆಯರು ಮತ್ತು ಭಿಕ್ಷುಕರು ಎಂದು ಲೆಕ್ಕ ಒಪ್ಪಿಸಿದರು. ನಾಡಿನವರಂತೆ ಬದುಕಿ, ಹೆಚ್ಚುಕಡಿಮೆ ಹಿಂದೂವೇ ಆಗಿಹೋದರೂ ಅದರಿಂದ ಏನೂ ಫಲ ಸಿಗಲಿಲ್ಲ ಎಂದೂ ಬರೆದರು. ಯೂರೋಪಿನಲ್ಲಿ ಆಗ ಮಿಶನ್ನುಗಳಿಗೆ ಹಣ ಸಂಗ್ರಹಿಸುವ ಉತ್ಸಾಹ ತುಂಬಿ ಹರಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಮೂವತ್ತು ವರ್ಷ ದುಡಿದವನೇ ಆಗದು ಎಂದರೆ ಏನಾಗಬೇಡ? ಪ್ರೊಟೆಸ್ಟೆಂಟ್ ಮಿಶನರಿಗಳಾದ ಜೇಮ್ಸ್ ಹಾಫ್, ಹೆನ್ರಿ ಟೌನ್ಲಿ ಇಬ್ಬರೂ ಮರುವರ್ಷವೇ ಪುಸ್ತಕ ಬರೆದು ಅವರನ್ನು ಖಂಡಿಸಿದರು.

ಗೆಲುವಿನ ವರದಿಗಳನ್ನೇ ಓದಿ ಬೆಳೆದ ನನಗೆ ಆ ಪುಟಗಳನ್ನು ಓದುವಾಗ ಕಣ್ಣು ತುಂಬಿತು. ತನ್ನ ಬಾಳಿನ ಕೆಲಸ ಕೈಗೂಡಲಿಲ್ಲ ಎಂದು ಅಷ್ಟು ಬಿಚ್ಚಿ ಬರೆದ ಮಿಶನರಿಗಳು ಎಷ್ಟು ಜನರಿದ್ದಾರೆ?

ನೇರನುಡಿ

ಅದು ಪ್ರಾಮಾಣಿಕ ಎಂಬುದನ್ನು ಒಪ್ಪುತ್ತೇನೆ. ಆದರೆ ಸೋಲಿನ ಕಾರಣವನ್ನು ಅವರು ಹೊರಿಸಿದ್ದು ಈ ನಾಡಿನ ಜನರ ಪೂರ್ವಗ್ರಹಗಳ ಮೇಲೆ, ಯೂರೋಪಿಯನ್ನರ ಕೆಟ್ಟ ನಡವಳಿಕೆಯ ಮೇಲೆ. ಇಲ್ಲಿಯ ಜನ ತಮ್ಮ ಧರ್ಮದಲ್ಲಿ ನೆಮ್ಮದಿಯಿಂದಿದ್ದರು, ಅದಕ್ಕಾಗಿ ಒಲ್ಲೆವೆಂದರು ಎಂಬ ಸರಳ ಸಾಧ್ಯತೆಯನ್ನು ಅವರು ಕಾಣಲಿಲ್ಲ.

ಕುಡ್ಲದಿಂದ

ಯೂರೋಪಿಯನ್ನರ ನಡವಳಿಕೆಯನ್ನು ದೂರಿದರು ಎಂಬುದನ್ನು ನೀವೇ ಹೇಳಿದಿರಲ್ಲ, ಕೈಗೊಂಬೆ ಹಾಗೆ ದೂರುತ್ತಾನೆಯೇ? ಉಳಿದದ್ದನ್ನು ನಾನು ವಾದಿಸುವುದಿಲ್ಲ.

ಮಡಂತ್ಯಾರು

ಇಲ್ಲಿ ಎಲ್ಲರೂ ಇಲ್ಲಿಗೆ ಬಂದವರ ಬಗ್ಗೆ ಮಾತನಾಡುತ್ತಿದ್ದೀರಿ, ಇಲ್ಲಿಂದ ಹೋದವರ ಬಗ್ಗೆಯೂ ಎರಡು ಮಾತು ಹೇಳುತ್ತೇನೆ. ನನ್ನ ಸೋದರಮಾವ ಟಾಂಜಾನಿಯಾದಲ್ಲಿ ಪಾದ್ರಿ. ಇಪ್ಪತ್ತೆಂಟನೆಯ ವಯಸ್ಸಿಗೆ ಹೋದವರು, ಈಗ ತಲೆ ಪೂರ್ತಿ ನೆರೆತಿದೆ. ಮೊದಲ ವರ್ಷ ಸ್ವಾಹಿಲಿ ಕಲಿಯುವುದೊಂದೇ ಕೆಲಸ. ಪ್ರವಚನ ಬರೆದುಕೊಂಡು ಹೋಗಿ ಓದಿದರೆ ಮುಂದಿನ ಸಾಲಿನ ಮಕ್ಕಳು ಉಚ್ಚಾರಣೆ ತಿದ್ದುತ್ತಿದ್ದರಂತೆ. ಅವರ ಧರ್ಮಕೇಂದ್ರಕ್ಕೆ ಸೇರಿದ ಹಳ್ಳಿಗಳು ಹತ್ತಾರು. ಮೋಟಾರ್ ಸೈಕಲ್ಲಿನ ಹಿಂದೆ ಒಂದು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾರೆ, ಅದರಲ್ಲಿ ಪೂಜೆಯ ಬಟ್ಟಲು, ಓಸ್ತಿ (ಪೂಜೆಯ ರೊಟ್ಟಿ), ದ್ರಾಕ್ಷಾರಸ, ಒಂದು ಮಡಿಸಿದ ನಿಲುವಂಗಿ, ಮಲೇರಿಯಾ ಮಾತ್ರೆ. ಮಳೆ ಬಂದರೆ ಹಳ್ಳ ಇಳಿಯುವವರೆಗೆ ದಂಡೆಯಲ್ಲಿಯೇ ಕಾಯಬೇಕು. ಪಾದ್ರಿ ಬಾರದ ಭಾನುವಾರಗಳಲ್ಲಿ ಹಳ್ಳಿಯ ಉಪದೇಶಿಯೇ ಪ್ರಾರ್ಥನೆ ನಡೆಸುತ್ತಾನೆ, ನಿಜವಾಗಿ ಚರ್ಚನ್ನು ನಿಲ್ಲಿಸಿರುವವನು ಅವನು ಎಂದು ಮಾವ ಯಾವಾಗಲೂ ಹೇಳುತ್ತಾರೆ.

ಅಜ್ಜಿ ತೀರಿಕೊಂಡಾಗ ಅವರಿಗೆ ಸುದ್ದಿ ಮುಟ್ಟಿದ್ದು ಮಣ್ಣು ಮಾಡಿ ನಾಲ್ಕು ದಿನದ ಮೇಲೆ. ಊರಿಗೆ ರಜೆಯಲ್ಲಿ ಬಂದರೆ ಎರಡನೆಯ ವಾರಕ್ಕೇ ಚಡಪಡಿಸುತ್ತಾರೆ. ಇಲ್ಲಿಯ ಗಂಜಿ, ಮೀನುಸಾರು ಬೇಕೆನ್ನುತ್ತಾರೆ, ಆದರೆ ಮಾತೆಲ್ಲ ಅಲ್ಲಿಯದೇ. ಎರಡೂ ಕಡೆ ಪೂರ್ತಿಯಾಗಿ ಸಲ್ಲದ ಬದುಕು ಅದು. ದ್ಯುಬುವಾ ಅವರಿಗೆ ರಜೆಯೂ ಇರಲಿಲ್ಲ ಎಂಬುದನ್ನು ಓದಿ ಅದೇ ನೆನಪಾಯಿತು.

ಸಂಗಮದಾರಿ

ಮಡಂತ್ಯಾರು ಅವರೇ, ಇಲ್ಲಿಂದ ಹೊರಟವರಲ್ಲಿ ಸಂತ ಜೋಸೆಫ್ ವಾಝ್ ಅವರನ್ನೂ ನೆನೆಯಬೇಕು. ಗೋವಾದ ಕೊಂಕಣಿಗರು. 1681ರಿಂದ ಮೂರು ವರ್ಷ ನಮ್ಮ ಕೆನರಾದಲ್ಲಿಯೇ ದುಡಿದವರು. ಆಮೇಲೆ ಡಚ್ಚರು ಕಥೊಲಿಕ ಪಾದ್ರಿಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ 1687ರಲ್ಲಿ ಭಿಕ್ಷುಕನ ವೇಷದಲ್ಲಿ ಹೋಗಿ ಜಾಫ್ನಾದಲ್ಲಿ ಇಳಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಯಲ್ಲಿಟ್ಟರು. ಅದೇ ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಹಬ್ಬಿದಾಗ, ಮನೆಯವರೇ ಬಿಟ್ಟು ಓಡಿದ ರೋಗಿಗಳನ್ನು ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. 1711ರಲ್ಲಿ ಅಲ್ಲಿಯೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಬೆನ್ನ ಹಿಂದೆ ಯಾವ ಸಾಮ್ರಾಜ್ಯವೂ ಇಲ್ಲದೆ ಹೋದ ಮಿಶನರಿ ಎಂದರೆ ಅವರು.

ನೇರನುಡಿ

ಇದು ನನಗೆ ಹೊಸದು. ಹೀಗೆ ಬಲವಿಲ್ಲದೆ ಹೋದವರ ಬಗ್ಗೆ ನನಗೂ ಮಾತಿಲ್ಲ.

ಕಥೆಯಜ್ಜ

ಮಕ್ಕಳಿಗೆ ಬರೆಯುತ್ತಿದ್ದೀರಿ ಎಂದಾದರೆ ಪಂಚತಂತ್ರವನ್ನು ಮರೆಯಬೇಡಿ. ದ್ಯುಬುವಾ ಪ್ಯಾರಿಸ್ಸಿಗೆ ಮರಳಿದ ಮೇಲೆ 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು, ಅದಕ್ಕೆ ಅವರು ಬಳಸಿದ ಮೂರು ಪ್ರತಿಗಳು ತಮಿಳು, ತೆಲುಗು ಮತ್ತು ಕನ್ನಡದವು. ಅದೇ ಪುಸ್ತಕದಲ್ಲಿ ಪರಮಾರ್ಥ ಗುರುವಿನ ಕಥೆಯೂ ಇದೆ, ಅದು ತಮಿಳಿನಲ್ಲಿ ಬರೆದ ಇಟಲಿಯ ಪಾದ್ರಿ ಬೆಸ್ಕಿಯವರದು. 1820ರ ದಶಕದಲ್ಲಿ ಪ್ಯಾರಿಸ್ಸಿನ ಓದುಗರ ಕೈಗೆ ನಮ್ಮ ಕನ್ನಡ ಪ್ರತಿಯ ಕಥೆ ಹೋಯಿತು ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ.

ಗ್ರಂಥಪಾಲಕಿ

ಹೌದು, ಇದನ್ನು ಸೇರಿಸಬಹುದು. ಇಲ್ಲಿ ಮೂಲ ಯಾವ ಭಾಷೆಗಳದೆಂದು ಅವರು ಹೇಳಿದ್ದಾರೆ ಎಂಬುದನ್ನೂ ಗಮನಿಸಿ.

ಹಳೇಮೈಸೂರು

ಹಾಗೆಯೇ ಅವರು ಈ ಸೀಮೆಗೆ ಬಂದ ಮೊದಲ ಪಾದ್ರಿ ಎಂದು ಬರೆಯಬೇಡಿ ಮೇಷ್ಟ್ರೇ. ಸುಮಾರು ನೂರೈವತ್ತು ವರ್ಷ ಹಿಂದೆಯೇ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಶನ್ನಿಗೆ ಬುನಾದಿ ಹಾಕಿದ್ದರು.

ಕಾವೇರಿತೀರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಕುಳಿತು ಪುಟವನ್ನು ಬರೆದು ಮುಗಿಸಿದೆ. ತೋಳಿನಿಂದ ತೋಳಿಗೆ ಲಸಿಕೆ ಹೋದ ಬಗೆಯನ್ನು ಮೊದಲಿಗೆ ಇಟ್ಟಿದ್ದೇನೆ, ಏಕೆಂದರೆ ಮಕ್ಕಳ ತೋಳಿನಲ್ಲಿಯೂ ಬಾಲ್ಯದ ಲಸಿಕೆಯ ಕಲೆ ಇದೆ, ಅಲ್ಲಿಂದ ಮಾತು ಶುರು ಮಾಡಬಹುದು. ಆಮೇಲೆ ಸಾತಳ್ಳಿ, ಗಂಜಾಂನ ಕುಟುಂಬಗಳು, ಮೂವತ್ತು ವರ್ಷದ ಒಂಟಿತನ. ಪುಸ್ತಕದ ವಿಷಯಕ್ಕೆ ಪ್ರತ್ಯೇಕ ಪರಿಚ್ಛೇದವಿದೆ. ಕೂರ್ದೂ ಅವರ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿ, ಬೇರೊಬ್ಬರ ಬರಹವನ್ನು ಹೆಸರು ಹೇಳದೆ ಬಳಸಿದ್ದು ತಪ್ಪು ಎಂದು ನೇರವಾಗಿಯೇ ಬರೆದಿದ್ದೇನೆ. ನೇರನುಡಿಯವರು ಹೇಳಿದ, ಮನೆ ತೆರವು ಮಾಡಿಕೊಟ್ಟ ಹಳ್ಳಿಯವರ ಔದಾರ್ಯವೂ ಒಂದು ಸಾಲಿನಲ್ಲಿ ಬಂದಿದೆ. ಜಾತಿಯ ಬಗೆಗಿನ ಅವರ ಅಭಿಪ್ರಾಯವನ್ನು ತರಗತಿಯಲ್ಲಿ ಚರ್ಚೆಗೆ ಇಟ್ಟುಕೊಂಡಿದ್ದೇನೆ, ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಲಾಗದು. ಮತಾಂತರದ ಲೆಕ್ಕವನ್ನು ಅವರ ಮಾತಿನಲ್ಲಿಯೇ ಕೊಟ್ಟಿದ್ದೇನೆ.

ಇನ್ನೊಂದೇ ಪ್ರಶ್ನೆ ಉಳಿದಿದೆ. ಅರವತ್ತು ಮಕ್ಕಳನ್ನು ಚರ್ಚಿನ ಒಳಗೆ ಕರೆದೊಯ್ಯಲು ಯಾರನ್ನು ಕೇಳಬೇಕು?

ಕುಡ್ಲದಿಂದ

ಧರ್ಮಕೇಂದ್ರದ ಗುರುಗಳಿಗೆ ಒಂದು ವಾರ ಮೊದಲು ಶಾಲೆಯ ಪತ್ರ ಕೊಡಿ. ಭಾನುವಾರ ಬೆಳಿಗ್ಗೆ ಬೇಡ, ಪೂಜೆ ಇರುತ್ತದೆ. ಮದುವೆ, ಮಣ್ಣಿನ ಕಾರ್ಯ ಇಲ್ಲದ ದಿನ ಯಾವುದೆಂದು ಅವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಮೂವತ್ತು ಮೂವತ್ತು ಮಕ್ಕಳಾಗಿ ಒಳಗೆ ಹೋದರೆ ಎಲ್ಲರಿಗೂ ಕಾಣುತ್ತದೆ.

ಹಾಸನಸೀಮೆ

ಮೇಷ್ಟ್ರೇ, ಪುಟ ಅಂತಿಮವಾದ ಮೇಲೆ ಇಲ್ಲಿಯೂ ಹಾಕಿ. ನಮ್ಮ ಕಡೆಯ ಶಾಲೆಗಳಿಗೂ ಹಂಚುತ್ತೇನೆ, ಸಾತಳ್ಳಿಯ ಭಾಗವನ್ನು ಇನ್ನಷ್ಟು ಹಿಗ್ಗಿಸಲು ಬೇಕಾದ ವಿವರಗಳನ್ನು ಊರಿನ ಹಿರಿಯರಿಂದ ಕೇಳಿ ಬರೆದು ಕೊಡುತ್ತೇನೆ.